‘ವ್ಯವಸ್ಥಿತ ಚಿಂತನೆ’ ಸರಿಯೇ? ಸಿಸ್ಟಮ್ಸ್ ಥಿಂಕಿಂಗ್‌ಗೆ ಪದ ಬೇಕಾಗಿದೆ

ಮಾನ್ಯರೇ,

ಬಾಗಲಕೋಟೆ, ವಿಜಯಪುರ ಭಾಗದ ಆಸ್ಪತ್ರೆಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ವಾರ್ಡ್ ತರಬೇತಿ ನೋಡಿಕೊಳ್ಳುವ ಇನ್‌ಚಾರ್ಜ್ ಸಿಸ್ಟರ್‌ಗಳಿಗಾಗಿ, ಮೌಲ್ಯಮಾಪನ ಕುರಿತ ಕನ್ನಡ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ಸಿಸ್ಟಮ್ಸ್ ಥಿಂಕಿಂಗ್’ ಎಂಬುದಕ್ಕೆ ಕರಡು ಓದಿದ ಕೆಲವರು ‘ವ್ಯವಸ್ಥಿತ ಚಿಂತನೆ’ ಎಂದು ಸೂಚಿಸಿದ್ದಾರೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ವ್ಯವಸ್ಥಿತ ಎಂದರೆ ಅಚ್ಚುಕಟ್ಟಾದ, ಕ್ರಮಬದ್ಧವಾದ ಎಂಬ ಅರ್ಥವೇ ಮೊದಲು ಹೊಳೆಯುವುದರಿಂದ, ಪರೀಕ್ಷೆಯನ್ನು ಗೊಂದಲವಿಲ್ಲದೆ, ವೇಳೆಗೆ ಸರಿಯಾಗಿ ನಡೆಸಿರಿ ಎಂಬ ಸೂಚನೆಯಾಗಿ ಅದನ್ನು ಓದುವ ಅಪಾಯವಿದೆ. ನಾನು ಹೇಳಬೇಕಾಗಿರುವುದು ಬೇರೆ: ಒಂದು ಭಾಗದ ಬದಲಾವಣೆ ಇನ್ನೊಂದನ್ನು ತಟ್ಟಿ, ಸುತ್ತಿ ಬಳಸಿ ಮೊದಲಿನದಕ್ಕೇ ಮರಳುವುದನ್ನು ಕಾಣುವ ಬಗೆ.

ಉದಾಹರಣೆಗೆ, 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ವೈದ್ಯಕೀಯ ಶಿಕ್ಷಕ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ರೂಪಿಸಿದ, ಈಗ ನಮ್ಮಲ್ಲಿಯೂ ರೂಢಿಯಲ್ಲಿರುವ ಓಸ್ಕಿ (OSCE) ಪರೀಕ್ಷೆಯನ್ನು, ಅಂದರೆ ವಿದ್ಯಾರ್ಥಿಗಳು ಒಂದೊಂದು ಮೇಜಿಗೂ ಸರದಿಯಂತೆ ಹೋಗಿ ಗೊತ್ತಾದ ಕೆಲಸವೊಂದನ್ನು ಮಾಡಿ ತೋರಿಸುವ ಪರೀಕ್ಷೆಯನ್ನು, ತೆಗೆದುಕೊಳ್ಳಿ. ಮೇಜಿನ ಮೇಲೆ ರಬ್ಬರಿನ ತೋಳು, ಟ್ರೇಯಲ್ಲಿ ಕ್ಯಾನ್ಯುಲಾ (ರಕ್ತನಾಳಕ್ಕೆ ಸೇರಿಸುವ ಸಣ್ಣ ನಳಿಕೆ), ಪರೀಕ್ಷಕರ ಕೈಯಲ್ಲಿ ಚೆಕ್‌ಲಿಸ್ಟ್. ಬೆಲ್ ಆದೊಡನೆ ಬಂದ ವಿದ್ಯಾರ್ಥಿನಿ ‘ಕೈ ತೊಳ್ಕೊತೀನ್ರಿ ಮೇಡಂ’ ಎಂದು ಬಾಯಲ್ಲಿ ಹೇಳಿ ಗ್ಲೌಸ್ ಹಾಕಿಕೊಳ್ಳುತ್ತಾಳೆ, ಟಿಕ್ ಬೀಳುತ್ತದೆ. ಅದೇ ವಿದ್ಯಾರ್ಥಿನಿ ವಾರ್ಡಿನಲ್ಲಿ ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಕೈ ತೊಳೆಯದೆ ಹೋದರೆ ನೋಡುವವರಿಲ್ಲ, ನೋಡಿದರೂ ಬರೆದಿಡುವ ಜಾಗವಿಲ್ಲ. ಚೆಕ್‌ಲಿಸ್ಟ್ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುತ್ತದೆ, ಅಂಕಗಳು ಏರುತ್ತವೆ, ಏರಿದ ಅಂಕಗಳನ್ನು ನಂಬಿ ಶಿಕ್ಷಕರು ರೋಗಿಯ ಪಕ್ಕದಲ್ಲಿ ನಿಂತು ಕಲಿಸುವ ಸಮಯವನ್ನು ಕಡಿಮೆ ಮಾಡುತ್ತಾರೆ, ಕಲಿಕೆ ತೆಳುವಾದಷ್ಟೂ ವಿದ್ಯಾರ್ಥಿಗಳು ಚೆಕ್‌ಲಿಸ್ಟನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಇಲ್ಲಿ ಪರೀಕ್ಷೆ ಅತ್ಯಂತ ವ್ಯವಸ್ಥಿತವಾಗಿಯೇ ನಡೆದಿದೆ! ಆದ್ದರಿಂದಲೇ ಆ ಪದ ಇಲ್ಲಿ ಸಲ್ಲದು ಎನ್ನುತ್ತೇನೆ.

ಬಿಡಿ ಪರೀಕ್ಷೆಗಳನ್ನು ಒಂದೊಂದಾಗಿ ತಿದ್ದುವ ಬದಲು ಇಡೀ ಕೋರ್ಸಿನ ಮೌಲ್ಯಮಾಪನವನ್ನು ಒಂದೇ ಯೋಜನೆಯಾಗಿ ರೂಪಿಸಬೇಕೆಂದು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನ ವೈದ್ಯಕೀಯ ಶಿಕ್ಷಣ ತಜ್ಞರಾದ ವಾನ್ ಡರ್ ವ್ಲ್ಯೂಟನ್ ಮತ್ತು ಶೂವಿರ್ತ್ 2005ರಲ್ಲಿ ವಾದಿಸಿದರು. ಒಂದು ವೈವಾ, ಒಂದು ಪ್ರಾಕ್ಟಿಕಲ್ ನೋಡಿ ಪಾಸು-ಫೇಲು ಹೇಳದೆ, ವಾರ್ಡಿನ ಹಲವು ಸಣ್ಣ ಅವಲೋಕನಗಳನ್ನು ಕೂಡಿಸಿ ನಿರ್ಧರಿಸುವುದು ಅದರ ತಿರುಳು. ಸಿಸ್ಟರ್‌ಗಳ ಒಂದು ಸಾಲಿನ ಟಿಪ್ಪಣಿಗೂ ಇಲ್ಲಿ ತೂಕವಿರುವುದರಿಂದ ಈ ಮಾತು ಅವರಿಗೆ ಸ್ಪಷ್ಟವಾಗಿ ತಲುಪಲೇಬೇಕು.

ನನ್ನ ಮುಂದಿರುವ ಬೇರೆ ಪದಗಳು ಹೀಗಿವೆ. ‘ಸಮಗ್ರ ಚಿಂತನೆ’ ಎಲ್ಲವನ್ನೂ ಒಳಗೊಳ್ಳುತ್ತದೆಯೇ ಹೊರತು ಅವುಗಳ ನಡುವಿನ ಕೊಂಡಿಯನ್ನು ಸೂಚಿಸುವುದಿಲ್ಲ. ನರವ್ಯೂಹ, ಸೌರವ್ಯೂಹಗಳ ಜಾಡಿನಲ್ಲಿ ‘ವ್ಯೂಹ ಚಿಂತನೆ’ ಎನ್ನಬಹುದಾಗಿತ್ತು. ಆದರೆ ಚಿಂತನೆಯ ಜೊತೆಗೆ ಸೇರಿದಾಗ ಅದು ಯುದ್ಧದ, ಚುನಾವಣೆಯ ತಂತ್ರವಾಗಿ ಕೇಳಿಸುತ್ತದೆ. ‘ವ್ಯವಸ್ಥಾ ಚಿಂತನೆ’ಯ ಕಡೆಗೆ ನನ್ನ ಒಲವು. ವ್ಯವಸ್ಥೆ ಎಂದೊಡನೆ ಊಟ, ವಸತಿಯ ಏರ್ಪಾಟು ನೆನಪಾಗುವುದು ನಿಜವಾದರೂ, ಶಾಲೆಯ ವಿಜ್ಞಾನ ಪಾಠದ ‘ಪರಿಸರ ವ್ಯವಸ್ಥೆ’ಯಲ್ಲಿ ಕಪ್ಪೆ ಕಡಿಮೆಯಾದರೆ ಕೀಟ ಹೆಚ್ಚುತ್ತದೆ ಎಂಬ ಪರಸ್ಪರ ಸಂಬಂಧದ ಅರ್ಥ ಆ ಪದಕ್ಕೆ ಆಗಲೇ ಬಂದಿದೆ. ‘ವ್ಯವಸ್ಥಾ ದೃಷ್ಟಿ’ ಇನ್ನೂ ಹಗುರವೆನಿಸುತ್ತದೆಯೇ?

ಜೊತೆಗೆ ಇನ್ನೊಂದು ತೊಡಕು. ಶಿಕ್ಷಕರು ವಿದ್ಯಾರ್ಥಿಗೆ ಹೇಳುವ ಫೀಡ್‌ಬ್ಯಾಕ್‌ಗೆ ‘ಹಿಮ್ಮಾಹಿತಿ’ ಸಾಕು. ಆದರೆ ಇಂಗ್ಲಿಷಿನಲ್ಲಿ ‘ಫೀಡ್‌ಬ್ಯಾಕ್ ಲೂಪ್’ ಎನ್ನುವ, ಮೇಲೆ ಹೇಳಿದ ಚೆಕ್‌ಲಿಸ್ಟಿನಂಥ ಸುತ್ತಿನಲ್ಲಿ ಯಾರೂ ಯಾರಿಗೂ ಮಾಹಿತಿ ಕೊಡುತ್ತಿಲ್ಲ. ಫಲವೇ ತಿರುಗಿ ಕಾರಣವನ್ನು ಬಲಪಡಿಸುತ್ತಿದೆ. ಇಂಥ ಸುತ್ತಿಗೆ ಒಕ್ಕಲುತನದಲ್ಲಿ, ಇಳಕಲ್ಲು-ಗುಳೇದಗುಡ್ಡದ ನೇಕಾರರ ಮಾತಿನಲ್ಲಿ ಅಥವಾ ಬೇರೆ ಯಾವುದೇ ಕಸುಬಿನಲ್ಲಿ ಬಳಕೆಯ ಪದವಿದ್ದರೆ, ಅದು ಬರುವ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಿರಿ.