ಸಹಾಯ ಬೇಕು: ಆಟಗಾರರೇ ಬರೆಯುವ ಡೈಲಾಗ್‌ನಲ್ಲಿ ಎಷ್ಟು ಬೈಗುಳ ಬಿಡಬಹುದು?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ನಾವು ಮೂವರು ಗೆಳೆಯರು ರೆನ್‌ಪೈ ಅನ್ನುವ, ಕತೆಯ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಕತೆ ನಡೆಯುವುದು ಇಲ್ಲಿನ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ. ಆಟಗಾರರು ತಮ್ಮದೇ ಪಾತ್ರ ಮಾಡಿ, ಡೈಲಾಗ್ ಬರೆದು ಬೇರೆಯವರಿಗೆ ಹಂಚಬಹುದು. ತಲೆನೋವು ಇರುವುದೇ ಅಲ್ಲಿ.

ಮಷೀನಿನ ಸೂಜಿ ಮುರಿದಾಗ "ಏ ಮಂಗ್ಯಾ, ಕಣ್ಣು ಎಲ್ಲೈತಲೇ" ಅಂತ ಮಾಸ್ಟರ್ ಬೈಯದಿದ್ದರೆ ಅದು ನಮ್ಮೂರು ಅನ್ನಿಸುವುದೇ ಇಲ್ಲ, ಅಲ್ವಾ? ಹಾಗಾಗಿ ಎಲ್ಲವನ್ನೂ ತೆಗೆಯಲು ನನಗೆ ಮನಸ್ಸಿಲ್ಲ. ಜಾತಿ ಹಿಡಿದು ಬೈಯುವುದು, ಅವ್ವ-ಅಕ್ಕನನ್ನು ಎಳೆದು ತರುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ಚರ್ಚೆ ಇಲ್ಲ. ಖೋಡಿ, ಹಲ್ಕಟ್ ತರಹದ ನಡುವಿನವೇ ಕಷ್ಟ.

ಪದಗಳ ಪಟ್ಟಿ ಇಟ್ಟು ಫಿಲ್ಟರ್ ಹಾಕಿದೆವು. "ಮಗನೇ" ತಡೆದರೆ ಅಪ್ಪ ಪ್ರೀತಿಯಿಂದ ಕರೆಯುವ ಮಾತೂ ಹೋಗುತ್ತದೆ. ಒಂದಕ್ಷರ ಎಳೆದು ಬರೆದರೆ, ಅಥವಾ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ, ಫಿಲ್ಟರ್ ಸುಮ್ನೆ ಕೂತಿರುತ್ತದೆ.

ಪ್ಲೇ ಸ್ಟೋರ್‌ಗೆ ಹಾಕುವ ಮುಂಚೆ ಐಎಆರ್‌ಸಿ (ಗೇಮ್ ಯಾವ ವಯಸ್ಸಿನವರಿಗೆ ಅಂತ ರೇಟಿಂಗ್ ಕೊಡುವ ವ್ಯವಸ್ಥೆ) ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೆಟ್ಟ ಮಾತಿನ ಬಗ್ಗೆ ಅಲ್ಲಿ ಕೇಳುತ್ತಾರೆ. ನಮಗೆ 12+ ಸಿಕ್ಕರೆ ಸಾಕು. ರಿಪೋರ್ಟ್, ಬ್ಲಾಕ್ ಬಟನ್ ಇರಬೇಕು ಅನ್ನುವುದು ಗೂಗಲ್ ನಿಯಮ, ಅವನ್ನು ಹಾಕಿಯಾಗಿದೆ.

ಕನ್ನಡಕ್ಕೆ ಫಿಲ್ಟರ್ ಬರೆದವರು ಯಾರಾದರೂ ಇದ್ದೀರಾ? ಬೈಗುಳ ಕಂಡಲ್ಲಿ ಚುಕ್ಕಿ ತೋರಿಸಿ, ಬೇಕಾದವರು ಸೆಟ್ಟಿಂಗ್‌ನಲ್ಲಿ ತೆರೆದುಕೊಳ್ಳುವಂತೆ ಮಾಡಿದರೆ ಹೇಗೆ? ರಾಯಚೂರು, ಕೊಪ್ಪಳದ ಕಡೆಯವರು ನಿಮ್ಮ ಕಡೆಯ ಪದಗಳನ್ನೂ ಕಳಿಸಿ. ಆದರೆ ಕಾಮೆಂಟ್‌ನಲ್ಲಿ ಬೇಡ, ಮೆಸೇಜ್ ಮಾಡಿ. ನಮ್ಮ ಅತ್ತೆ ಈ ಗುಂಪಿನಲ್ಲಿದ್ದಾರೆ.