ಮಳೆಗಾಲದಲ್ಲಿ ಬ್ರೆಡ್ ಹಿಟ್ಟು ಉಬ್ಬಿಸುವ ಪೆಟ್ಟಿಗೆ: ಮನೆಗೆ ಬೆಂಕಿ ತಗಲದ ಹಾಗೆ ಮಾಡುವುದು ಹೇಗೆ?

ಕೇಳಿದವರು, ಹೊಸನಗರದ ಕಡೆಯಿಂದ:

ಬ್ರೆಡ್ ಮಾಡುವುದನ್ನು ಈ ಬೇಸಿಗೆಯಲ್ಲಿ ಕಲಿತೆ. ಅರ್ಧ ಕಿಲೋ ಮೈದಾಕ್ಕೆ ಐದು ಗ್ರಾಂ ಈಸ್ಟ್. ಏಪ್ರಿಲ್‌ನಲ್ಲಿ ಒಂದು ಗಂಟೆಗೆಲ್ಲ ಪಾತ್ರೆಯ ಮುಚ್ಚಳ ಎತ್ತುವಷ್ಟು ಉಬ್ಬುತ್ತಿತ್ತು. ಆರಿದ್ರಾ ಮಳೆ ಹಿಡಿದದ್ದೇ ತಡ, ಅದೇ ಹಿಟ್ಟು ಮೂರು ಗಂಟೆಯಾದರೂ ಮುನಿಸಿಕೊಂಡವರ ಹಾಗೆ ಕೂತಿರುತ್ತದೆ. ಅಡುಗೆಮನೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, 21 ಡಿಗ್ರಿ. ರಟ್ಟಿನ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿಟ್ಟರೆ ಸರಿಹೋಗುತ್ತದೆ ಎಂದು ಭಾವ ಹೇಳುತ್ತಾರೆ. ನಮ್ಮದು ಹಂಚಿನ ಮನೆ, ಮರದ ಅಟ್ಟ, ಅಟ್ಟದ ತುಂಬ ಒಣ ಸಾಮಾನು. "ಬ್ರೆಡ್ಡಿನ ಆಸೆಗೆ ಮನೆಗೆ ಬೆಂಕಿ ಇಡಬೇಡ" ಎಂದು ಅತ್ತೆ ಹೇಳಿಬಿಟ್ಟಿದ್ದಾರೆ. ಅವರ ಮಾತಿನಲ್ಲಿ ತಪ್ಪೂ ಕಾಣುತ್ತಿಲ್ಲ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು, ಕರೆಂಟು ಬೇರೆ ಹೋಗಿ ಬಂದು ಮಾಡುತ್ತದೆ. ಇಂಥ ಪೆಟ್ಟಿಗೆ ಮಾಡಿ ನಿಜವಾಗಿ ಬಳಸಿದವರು ಇದ್ದರೆ ತಿಳಿಸಿ.

ಸಾಗರದಿಂದ:

ಆರು ಮಳೆಗಾಲ ಈ ಹಿಟ್ಟಿನ ಜೊತೆ ಗುದ್ದಾಡಿದವಳು ನಾನು. ವಾರಕ್ಕೆ ಎರಡು ದಿನ ಅಕ್ಕಪಕ್ಕದವರಿಗೆ ಬ್ರೆಡ್ ಮಾಡಿಕೊಡುತ್ತೇನೆ.

ಪೆಟ್ಟಿಗೆಗಿಂತ ಮೊದಲು ನೀರಿನ ಮಾತು. ತಣ್ಣಗಿನ ಮೈದಾಕ್ಕೆ ತಣ್ಣೀರು ಹಾಕಿ ನಾದಿ, ಆಮೇಲೆ ಬೆಚ್ಚಗೆ ಮಾಡಲು ಹೋದರೆ ಹಿಟ್ಟಿನ ಹೊಟ್ಟೆಗೆ ಶಾಖ ತಲುಪುವುದರಲ್ಲೇ ಒಂದು ಗಂಟೆ ಹೋಗುತ್ತದೆ. ನಾದಿ ಮುಗಿದಾಗಲೇ ಹಿಟ್ಟು 26 ಡಿಗ್ರಿ ಇರಬೇಕು ಎಂದುಕೊಳ್ಳಿ. 26ನ್ನು ಮೂರರಿಂದ ಗುಣಿಸಿದರೆ 78. ಅದರಲ್ಲಿ ಮೈದಾದ 21, ಅಡುಗೆಮನೆಯ 21 ಕಳೆಯಿರಿ. ಉಳಿದ 36 ನಿಮ್ಮ ನೀರಿನ ಡಿಗ್ರಿ, ಕೈಗೆ ಉಗುರುಬೆಚ್ಚಗೆ. ಇದಿಷ್ಟೇ ಮಾಡಿದರೂ ನಿಮ್ಮ ಅರ್ಧ ಕಷ್ಟ ಕಳೆಯುತ್ತದೆ. ಬೇಗ ಉಬ್ಬಲಿ ಎಂದು ಕುದಿಯುವ ನೀರು ಸುರಿಯಬೇಡಿ. 60ರ ಹತ್ತಿರ ಹೋದರೆ ಈಸ್ಟ್ ಸತ್ತೇ ಹೋಗುತ್ತದೆ.

ಇನ್ನು ಪೆಟ್ಟಿಗೆ. ನನ್ನದು ಥರ್ಮೋಕೋಲಿನದು. ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬರುವ ಮೀನಿನ ಪೆಟ್ಟಿಗೆಯನ್ನೇ ಮೊದಲು ತಂದಿದ್ದೆ. ಸೋಡಾ ಪುಡಿ ಹಾಕಿ ಮೂರು ಸಲ ತೊಳೆದೆ. ಆದರೂ ಬಿಸಿ ತಗಲಿದ ಕೂಡಲೇ ಒಳಗಿದ್ದ ಬಂಗುಡೆ ಎದ್ದು ಬಂತು. ಆ ದಿನದ ಬ್ರೆಡ್ಡನ್ನು ಬೆಕ್ಕು ಮಾತ್ರ ಮೆಚ್ಚಿತು. ಆಮೇಲೆ ಔಷಧಿ ಅಂಗಡಿಯವರನ್ನು ಕೇಳಿದೆ. ತಂಪಿನಲ್ಲಿಡುವ ಔಷಧಿ ಅವರಿಗೆ ಇಂಥ ಪೆಟ್ಟಿಗೆಯಲ್ಲೇ ಬರುತ್ತದೆ, ಕೇಳಿದರೆ ಕೊಡುತ್ತಾರೆ.

ಒಳಗೆ ಬಲ್ಬೂ ಇಲ್ಲ, ವೈರೂ ಇಲ್ಲ. ಒಂದು ಲೀಟರಿನ ಸ್ಟೀಲ್ ಬಾಟಲಿಯಲ್ಲಿ ಬಿಸಿನೀರು, ಅಷ್ಟೇ. ಬಾಟಲಿ ಒಂದೇ ಪದರದ್ದಾಗಿರಬೇಕು. ಫ್ಲಾಸ್ಕ್ ಇಟ್ಟರೆ ಶಾಖವೆಲ್ಲ ಅದರ ಹೊಟ್ಟೆಯಲ್ಲೇ ಉಳಿಯುತ್ತದೆ, ಹಿಟ್ಟಿಗೆ ಬರುವುದಿಲ್ಲ. ನಾನು ಆ ಮಂಗಾಟವನ್ನೂ ಮಾಡಿದ್ದೇನೆ. ಕುದಿಯುವ ನೀರು ಅರ್ಧ, ನಲ್ಲಿಯ ನೀರು ಅರ್ಧ ಬೆರೆಸಿದರೆ ಹೆಚ್ಚು ಕಡಿಮೆ 60 ಡಿಗ್ರಿ. ಬಾಟಲಿಗೆ ಹಳೆಯ ಟವೆಲ್ ಸುತ್ತಿ ಮೂಲೆಗೆ ನಿಲ್ಲಿಸಿ, ಈ ಕಡೆ ಹಿಟ್ಟಿನ ಪಾತ್ರೆ ಇಡುತ್ತೇನೆ. ನಮ್ಮ ಮನೆಯಲ್ಲಿ ಹೊರಗೆ 21 ಇದ್ದಾಗ ಒಳಗೆ ಅರ್ಧ ಗಂಟೆಗೆ 30ಕ್ಕೆ ಬರುತ್ತದೆ, ಮೂರು ಗಂಟೆಯ ಹೊತ್ತಿಗೆ 26ಕ್ಕೆ ಇಳಿದಿರುತ್ತದೆ. ಅಷ್ಟರಲ್ಲಿ ಮೊದಲ ಉಬ್ಬು ಮುಗಿದಿರುತ್ತದೆ. ಎರಡನೆಯದಕ್ಕೆ ನೀರು ಬದಲಾಯಿಸಿದರಾಯಿತು.

ತೀರ್ಥಹಳ್ಳಿಯಿಂದ:

ನಿಮ್ಮ ಭಾವ ಹೇಳಿದ ಪೆಟ್ಟಿಗೆಯನ್ನೇ ನಾನು ಮಾಡಿದ್ದೆ, ಆದ್ದರಿಂದ ಬರೆಯುತ್ತಿದ್ದೇನೆ. ರಟ್ಟಿನ ಡಬ್ಬ, ಮೇಲಿನಿಂದ ಇಳಿಬಿಟ್ಟ 60 ವ್ಯಾಟಿನ ಹಳೆಯ ಬಲ್ಬ್. ಶಾಖ ಹೊರಗೆ ಹೋಗದಿರಲಿ ಎಂದು ಸುತ್ತಲೂ ಕಂಬಳಿ. ಅಡಿಕೆ ಕೊಯ್ಲಿನ ಕಾಲ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಬಂದನೆಂದು ತೋಟಕ್ಕೆ ಇಳಿದವನು ಮಾತಿಗೆ ನಿಂತುಬಿಟ್ಟೆ. ವಾಪಸು ಬಂದಾಗ ಜಗಲಿಯ ತನಕ ಇಸ್ತ್ರಿ ಸುಟ್ಟ ಬಟ್ಟೆಯ ವಾಸನೆ. ಡಬ್ಬದ ಒಂದು ಮಡಿಕೆ ಬಿಸಿಗೆ ಸಡಿಲವಾಗಿ ಬಲ್ಬಿಗೆ ಒರಗಿತ್ತು. ರೊಟ್ಟಿಯಷ್ಟು ಅಗಲ ಕಂದಿ, ನಡುವೆ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಬೆಂಕಿ ಹತ್ತಿರಲಿಲ್ಲ, ಅದು ನಮ್ಮ ಪುಣ್ಯ. ಹಿಟ್ಟು ಬಲ್ಬಿನ ಕಡೆ ಅರ್ಧ ಬೆಂದು ತೊಗಲು ಕಟ್ಟಿತ್ತು, ಇನ್ನೊಂದು ಕಡೆ ತಣ್ಣಗೇ ಇತ್ತು. ಇಷ್ಟು ಮಾಡಿಯೂ ಬ್ರೆಡ್ ಆಗಲಿಲ್ಲ ಮಾರಾಯರೇ. ನಿಮ್ಮ ಅತ್ತೆಯವರ ಮಾತು ಕೇಳಿ.

ಶಿವಮೊಗ್ಗ, ವಿನೋಬನಗರದಿಂದ:

ನಾನು ವೈರಿಂಗ್ ಕೆಲಸದವನು. ಬ್ರೆಡ್ ಮಾಡುವುದು ನನ್ನ ಹೆಂಡತಿ, ಪೆಟ್ಟಿಗೆ ಮಾಡಿದ್ದು ನಾನು. ಸಾಗರದವರ ಬಾಟಲಿಯನ್ನು ಲೆಕ್ಕ ಹಾಕಿ ನೋಡಿದೆ. ಒಂದು ಲೀಟರ್ ನೀರು 60ರಿಂದ 30ಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಾಖವೂ 15 ವ್ಯಾಟಿನ ಬಲ್ಬ್ ಎರಡು ಗಂಟೆಗೂ ಸ್ವಲ್ಪ ಹೆಚ್ಚು ಉರಿದು ಕೊಡುವ ಶಾಖವೂ ಒಂದೇ. ಒಂದೆರಡು ಬ್ರೆಡ್ಡಿಗೆ ಅದು ಧಾರಾಳ. ಬಿಸಿನೀರು ಇಟ್ಟಾಗ ಎಷ್ಟು ಬಿಸಿ ಇತ್ತೋ ಅದಕ್ಕಿಂತ ಮೇಲೆ ಹೋಗಲಾರದು. ಕರೆಂಟಿಗೆ ಆ ಮಿತಿ ಇಲ್ಲ, ಅದನ್ನು ನಾವೇ ಕಟ್ಟಬೇಕು. ಹಾಗಾಗಿ ಮೊದಲು ನೀರಿನ ಪೆಟ್ಟಿಗೆ ಮಾಡಿ. ದಿನಾ ಮಾಡುವವರು, ರಾತ್ರಿಯಿಡೀ ಬೇಕು ಎನ್ನುವವರು ಮಾತ್ರ ಮುಂದಿನದನ್ನು ಓದಿ.

ಎಲ್ಲರೂ ಬಿಸಿ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಥರ್ಮೋಸ್ಟಾಟ್ ಹಾಕಿದರೆ ಆಯಿತು ಎನ್ನುತ್ತಾರೆ. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುವ ಸಣ್ಣ ಕಂಟ್ರೋಲರ್ ಈಗ ಸುಲಭವಾಗಿ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅದರೊಳಗಿನದು ಒಂದು ರಿಲೇ, ಅಂದರೆ ತಾನೇ ಹಾಕಿ ತೆಗೆಯುವ ಸ್ವಿಚ್ಚು. ಅದರ ಎರಡು ತುದಿ ಕಿಡಿಗೆ ಕರಗಿ ಅಂಟಿಕೊಂಡರೆ 28ಕ್ಕೆ ಆರಬೇಕೆಂದು ಹೊಂದಿಸಿಟ್ಟಿದ್ದರೂ ಬಲ್ಬ್ ಉರಿಯುತ್ತಲೇ ಇರುತ್ತದೆ. ಅದಕ್ಕೆ ನಾನು ನಂಬುವುದು ಬಲ್ಬಿನ ವ್ಯಾಟನ್ನು. ಕಂಟ್ರೋಲರ್ ಇಲ್ಲದೆಯೇ ಖಾಲಿ ಪೆಟ್ಟಿಗೆಯನ್ನು ಹಗಲಿಡೀ, ಮನೆಯಲ್ಲಿ ಜನ ಇರುವಾಗ ಉರಿಸಿ ನೋಡಿ. ಎಲ್ಲಿಗೆ ಹೋಗಿ ನಿಲ್ಲುತ್ತದೆಯೋ ಅದು ನಿಮ್ಮ ಪೆಟ್ಟಿಗೆಯ ಕೆಟ್ಟ ದಿನ. ನಮ್ಮ ಪೆಟ್ಟಿಗೆ, 21 ಡಿಗ್ರಿಯ ಕೋಣೆ: 15 ವ್ಯಾಟಿಗೆ 34ರಲ್ಲಿ ನಿಂತಿತು. 40 ವ್ಯಾಟ್ ಹಾಕಿದಾಗ 56 ದಾಟಿತು. 34ರಲ್ಲಿ ಹಿಟ್ಟು ಹುಳಿಯಾದೀತು, ಅಷ್ಟೆ. 56ರಲ್ಲಿ ಬಲ್ಬಿನ ಹತ್ತಿರದ ಜಾಗ ಎಷ್ಟು ಕಾದಿರುತ್ತದೆ ಎಂದು ಯೋಚಿಸಿ. ಥರ್ಮೋಕೋಲ್ 80 ಡಿಗ್ರಿ ದಾಟಿದರೆ ಮೆತ್ತಗಾಗಿ ಕುಸಿಯುತ್ತದೆ, ಬೆಂಕಿ ಹತ್ತಿದರೆ ಉರಿಯುತ್ತ ತೊಟ್ಟಿಕ್ಕುತ್ತದೆ. ಆದ್ದರಿಂದ ಥರ್ಮೋಕೋಲ್ ಪೆಟ್ಟಿಗೆಗೆ ನೀರು ಮಾತ್ರ. ಬಲ್ಬ್ ಬೇಕಾದರೆ ತಗಡಿನ ಟ್ರಂಕು. ನಮ್ಮದು ಹಳೆಯ ಟ್ರಂಕು, ಹೊರಗಿನಿಂದ ಥರ್ಮೋಕೋಲ್ ಹಾಳೆ ಅಂಟಿಸಿದ್ದೇನೆ. ಬಲ್ಬ್ ಇರುವ ಕಡೆಯ ಗೋಡೆಗೆ ಮಾತ್ರ ಅಂಟಿಸಿಲ್ಲ.

ಬಲ್ಬಿನ ವಿಷಯದಲ್ಲಿ ಒಂದು ಮಾತು. ಅಂಗಡಿಯಲ್ಲಿ ಝೀರೋ ಬಲ್ಬ್ ಎಂದು ಕೇಳಿದರೆ ಈಗ ಎಲ್‌ಇಡಿ ಕೊಡುತ್ತಾರೆ. ಅದು ಅರ್ಧ ವ್ಯಾಟಿನದು, ಇರುವೆಗೂ ಬೆಚ್ಚಗಾಗದು. ಹಳೆಯ ತಂತಿಯ ಝೀರೋ ಬಲ್ಬ್ ಹೆಸರಿಗೆ ಝೀರೋ, ಉಣ್ಣುವುದು ಸುಮಾರು 15 ವ್ಯಾಟ್. ನಿಮಗೆ ಬೇಕಾದದ್ದು ಅದು. ಪಿಂಗಾಣಿ ಹೋಲ್ಡರ್ ಹಾಕಿ, ಸುತ್ತಲೂ ತೂತಿನ ತಗಡು ಮುಚ್ಚಿ. ಮುಚ್ಚಳದ ಬೆವರು ಕಾದ ಗಾಜಿನ ಮೇಲೆ ತೊಟ್ಟಿಕ್ಕಿದರೆ ಬಲ್ಬ್ ಒಡೆದು ಚೂರು ಹಿಟ್ಟಿಗೆ ಬೀಳುತ್ತದೆ.

ಟ್ರಂಕಿಗೆ ಅರ್ತಿಂಗ್ ಕಡ್ಡಾಯ. ಮೂರು ಪಿನ್ನಿನ ಪ್ಲಗ್, ಹಸಿರು ವೈರು ಬಣ್ಣ ಕೆರೆದ ತಗಡಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ಮೆಯಿನ್ ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ. ಲೋಡು ಹೆಚ್ಚಾದರೆ ಬೀಳುವ ಎಂಸಿಬಿ ಇದೆಯಲ್ಲ ಎನ್ನುವವರು ಬಹಳ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ರೈಸ್ ಕುಕ್ಕರಿನೊಳಗೆ ಇರುವಂಥ ಥರ್ಮಲ್ ಫ್ಯೂಸ್ ಒಂದನ್ನು, 72 ಡಿಗ್ರಿಗೆ ಕಡಿದುಹೋಗುವಂಥದ್ದು, ಬಲ್ಬಿನ ಲೈನಿನಲ್ಲಿ ಸೇರಿಸಿ. ಅದನ್ನು ಬೆಸುಗೆ ಹಾಕಬೇಡಿ, ಬೆಸುಗೆಯ ಬಿಸಿಗೇ ಅದು ಕಡಿದುಹೋಗುತ್ತದೆ. ನಾನು ಎರಡು ಹಾಳು ಮಾಡಿದ ಮೇಲೆ ಕನೆಕ್ಟರ್ ಹಾಕಿ ಬಿಗಿದೆ. ಇದೆಲ್ಲ ಗೊತ್ತಿಲ್ಲದಿದ್ದರೆ ನಿಮ್ಮೂರಿನ ವೈರಿಂಗಿನವರಿಂದ ಮಾಡಿಸಿ, ಯಾವುದೋ ವಿಡಿಯೋ ನೋಡಿ ನೀವೇ ಕೈ ಹಾಕಬೇಡಿ.

ಭದ್ರಾವತಿಯಿಂದ:

ಮೇಲಿನವರು ಇರುವೆಯನ್ನು ತಮಾಷೆಗೆ ಹೇಳಿದರು, ನಾನು ನಿಜಕ್ಕೇ ಹೇಳುತ್ತೇನೆ. ಕೋಳಿಮರಿಗೆ ಮಾಡಿದ್ದ ಪೆಟ್ಟಿಗೆಯ ಕಂಟ್ರೋಲರಿನೊಳಗೆ ಮಳೆಗಾಲದಲ್ಲಿ ಇರುವೆ ಗೂಡು ಮಾಡಿತ್ತು. ರಿಲೇ ಕೂಡಿಕೊಳ್ಳುವ ಜಾಗದಲ್ಲೇ ಸತ್ತು ಸಿಕ್ಕಿಕೊಂಡಿದ್ದವು. ಬೆಚ್ಚಗೆ, ಒಣಗಿದ್ದ ಜಾಗ ಊರಿಗೆಲ್ಲ ಅದೊಂದೇ, ಪಾಪ ಅವಾದರೂ ಎಲ್ಲಿಗೆ ಹೋಗಬೇಕು! ಕಂಟ್ರೋಲರನ್ನು ಪೆಟ್ಟಿಗೆಯ ಹೊರಗೆ ಮುಚ್ಚಿದ ಡಬ್ಬಿಯಲ್ಲಿಡಿ, ತಿಂಗಳಿಗೊಮ್ಮೆ ಪ್ಲಗ್ ತೆಗೆದು ಬಿಚ್ಚಿ ನೋಡಿ. ಗಾಳಿಗೆಂದು ಕೊರೆದ ತೂತಿಗೆ ಸೊಳ್ಳೆ ಪರದೆ ಅಂಟಿಸಿ, ಇಲ್ಲದಿದ್ದರೆ ಹಲ್ಲಿ ಬರುತ್ತದೆ.

ಕೊಪ್ಪದಿಂದ:

ನಮ್ಮದು ಬಚ್ಚಲೊಲೆಯ ಪದ್ಧತಿ. ಹಂಡೆಯ ಪಕ್ಕದ ಕಟ್ಟೆಯ ಮೇಲೆ ದೋಸೆ ಹಿಟ್ಟು ಇಟ್ಟ ಹಾಗೆಯೇ ಬ್ರೆಡ್ ಹಿಟ್ಟನ್ನೂ ಇಡುತ್ತೇನೆ. ಒಂದೇ ಕಷ್ಟ, ಒಲೆಯ ಕಡೆ ಬೇಗ ಉಬ್ಬುತ್ತದೆ, ಅರ್ಧ ಗಂಟೆಗೊಮ್ಮೆ ಪಾತ್ರೆ ತಿರುಗಿಸಬೇಕು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆಯನ್ನು ಬಾಗಿಲು ಹಾಕಿದ ಕೋಣೆಗೆ ತಂದು ಅದರ ಪಕ್ಕ ಹಿಟ್ಟಿಡುವವರಿದ್ದಾರೆ. ಕೆಂಡ ಹೊಗೆ ಬಿಡದಿದ್ದರೂ ಕಾರ್ಬನ್ ಮೋನಾಕ್ಸೈಡ್ ಬಿಡುತ್ತದೆ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳುವುದಿಲ್ಲ. ಪೆಟ್ಟಿಗೆಯೊಳಗೆ ದೀಪ, ಮೇಣದಬತ್ತಿ ಇಡುವುದೂ ಬೇಡ.

ಶಿಕಾರಿಪುರದಿಂದ:

ಪುಸ್ತಕಗಳಲ್ಲೆಲ್ಲ ಪೆಟ್ಟಿಗೆಯೊಳಗೆ ತೇವ ನೂರಕ್ಕೆ ಎಪ್ಪತ್ತೈದು ಇರಬೇಕು, ನೀರಿನ ತಟ್ಟೆ ಇಡಿ ಎಂದು ಇರುತ್ತದೆ. ನಾನೂ ಜುಲೈಯಲ್ಲಿ ತಟ್ಟೆ ಇಟ್ಟೆ. ಮುಚ್ಚಳದಿಂದ ನೀರು ಹಿಟ್ಟಿನ ಮೇಲೆ ಸುರಿದು ಮೇಲ್ಭಾಗ ಗಂಜಿಯಾಯಿತು, ವಾರದಲ್ಲಿ ಪೆಟ್ಟಿಗೆಯ ಮೂಲೆಗೆ ಬೂಷ್ಟು ಬಂತು. ಮಳೆಗಾಲದಲ್ಲಿ ನಮಗೆ ಶಾಖದ ಬಡತನ, ತೇವದ್ದಲ್ಲ. ಪಾತ್ರೆಗೆ ಮುಚ್ಚಳ ಇದ್ದರೆ ಸಾಕು. ಶಿವರಾತ್ರಿಯ ಹೊತ್ತಿಗೆ ನಮ್ಮ ಕಡೆ ಗಾಳಿ ಒಣಗಿ ಹಿಟ್ಟು ಸಿಪ್ಪೆ ಕಟ್ಟುತ್ತದೆ, ಆಗ ಒದ್ದೆ ಬಟ್ಟೆ ಹೊದಿಸಿ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯನ್ನು ವಿನಿಗರಿನಲ್ಲಿ ಒರೆಸಿ, ತೆರೆದೇ ಇಡಿ.

ಆಗುಂಬೆಯ ಹತ್ತಿರದಿಂದ:

ನನ್ನನ್ನು ಕೇಳಿದರೆ ಪೆಟ್ಟಿಗೆಯೇ ಬೇಡ. ಐದು ಗ್ರಾಂ ಈಸ್ಟನ್ನು ಒಂದು ಗ್ರಾಮಿಗೆ ಇಳಿಸಿ, ರಾತ್ರಿ ಒಂಬತ್ತಕ್ಕೆ ಕಲಸಿ ಮುಚ್ಚಿಟ್ಟು ಮಲಗಿ. 20 ಡಿಗ್ರಿಯಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ಹದವಾಗಿರುತ್ತದೆ. ರುಚಿಯೂ ಹೆಚ್ಚು. ಹಾಲು, ಮೊಟ್ಟೆ ಹಾಕಿದ ಸಿಹಿ ಬನ್ನಿಗೆ ಮಾತ್ರ ಹೀಗೆ ಮಾಡಬೇಡಿ, ಅದನ್ನು ರಾತ್ರಿಯಿಡೀ ಹೊರಗಿಟ್ಟರೆ ಹಾಳಾಗುತ್ತದೆ.

ಸಾಗರದಿಂದ, ಮತ್ತೆ:

ಆಗುಂಬೆಯವರ ದಾರಿ ಒಳ್ಳೆಯದೇ, ನಾನೂ ಎಷ್ಟೋ ಸಲ ಹಾಗೆ ಮಾಡುತ್ತೇನೆ. ಆದರೆ ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಬನ್ ಬೇಕು ಎಂದಾಗ ಪೆಟ್ಟಿಗೆಯೇ ಬೇಕು. ಗಡಿಯಾರ ನೋಡಬೇಡಿ. ಬೆರಳಿಗೆ ಹಿಟ್ಟು ಸವರಿ ಮೆಲ್ಲಗೆ ಒತ್ತಿ. ಗುಳಿ ತಟ್ಟನೆ ಮುಚ್ಚಿದರೆ ಇನ್ನೂ ಸಮಯವಿದೆ. ನಿದ್ದೆಯಿಂದ ಏಳುವವರ ಹಾಗೆ ನಿಧಾನಕ್ಕೆ, ಅರ್ಧಕ್ಕೆ ಮೇಲೆ ಬಂದರೆ ಒಲೆ ಕಾಯಿಸಲು ಶುರು ಮಾಡಿ. ಥರ್ಮಾಮೀಟರನ್ನು ಗಾಳಿಯಲ್ಲಿ ತೂಗುಹಾಕುವ ಬದಲು ಹಿಟ್ಟಿನ ಪಕ್ಕ ಒಂದು ಲೋಟ ನೀರಿನಲ್ಲಿ ಮುಳುಗಿಸಿಡಿ, ಹಿಟ್ಟಿನ ನಿಜವಾದ ಬಿಸಿಗೆ ಹತ್ತಿರದ ಲೆಕ್ಕ ಸಿಗುತ್ತದೆ.

ಕೇಳಿದವರು, ಹದಿನೈದು ದಿನದ ಮೇಲೆ:

ಎಲ್ಲರಿಗೂ ಧನ್ಯವಾದ. ಔಷಧಿ ಅಂಗಡಿಯಿಂದ ಪೆಟ್ಟಿಗೆ ತಂದೆ, ಬಿಸಿನೀರಿನ ಬಾಟಲಿಯದನ್ನೇ ಮಾಡಿದೆ. ನೀರಿನ ಲೆಕ್ಕವೂ ಸರಿ ಬಂತು. 36 ಡಿಗ್ರಿಯ ನೀರು ಹಾಕಿ ನಾದಿದ ಹಿಟ್ಟು ಒಂದೂಕಾಲು ಗಂಟೆಯಲ್ಲಿ ಎರಡರಷ್ಟಾಯಿತು. ಮೊದಲ ಸಲ ಮುಚ್ಚಳ ತೆಗೆದಾಗ ಅತ್ತೆಯೇ ಬಗ್ಗಿ ನೋಡಿ, ಬಾಟಲಿ ಮುಟ್ಟಿ, "ಇದರಲ್ಲಿ ಕರೆಂಟು ಎಲ್ಲಿದೆ?" ಎಂದರು. ಇಲ್ಲ ಎಂದೆ. ಮರುದಿನ ಬೆಳಗ್ಗೆ ನೋಡಿದರೆ ಪೆಟ್ಟಿಗೆಯೊಳಗೆ ಅವರ ಇಡ್ಲಿ ಹಿಟ್ಟು. ಈಗ ವಾರದಲ್ಲಿ ನಾಲ್ಕು ದಿನ ಅದು ಅವರದ್ದೇ. ಔಷಧಿ ಅಂಗಡಿಯವರಿಗೆ ಇನ್ನೊಂದು ಪೆಟ್ಟಿಗೆ ಎತ್ತಿಡಲು ಹೇಳಿ ಬಂದಿದ್ದೇನೆ.