ಗ್ಯಾಸ್ ಗೀಸರಿನ ಪೈಲಟ್ ಆರಿಹೋಗಿದೆ, ನಾನೇ ಹಚ್ಚಬಹುದೇ?

ಮಲ್ಲಿಗೆಮನೆ (ಮಲ್ಲೇಶ್ವರ):
ಮಲ್ಲೇಶ್ವರದ ಹಳೆಯ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಮಾಲೀಕರು ಎಂದೋ ಹೊರದೇಶದಿಂದ ತರಿಸಿದ ಗ್ಯಾಸ್ ಗೀಸರ್ ಇದೆ. ಯುಟಿಲಿಟಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ ಹಾಕಿದ್ದಾರೆ. ಸಿಲಿಂಡರ್ ಕೆಳಗೆ ಮೂಲೆಯಲ್ಲಿದೆ. ಒಳಗೆ ಸಣ್ಣ ಪೈಲಟ್ ಜ್ವಾಲೆ ಸದಾ ಉರಿಯುತ್ತಿರುತ್ತದೆ. ಆಷಾಢದ ಈ ಗಾಳಿಗೆ ನಿನ್ನೆ ರಾತ್ರಿ ಅದು ಆರಿಹೋಗಿದೆ. ಕಿಂಡಿಯಲ್ಲಿ ಇಣುಕಿದರೆ ಬರೀ ಕತ್ತಲು. ನಾಬಿನ ಸುತ್ತ ಮೂರು ಗುರುತುಗಳಿವೆ: ಒಂದು ಚುಕ್ಕೆ, ಒಂದು ನಕ್ಷತ್ರದಂಥದ್ದು, ಒಂದು ದೊಡ್ಡ ಜ್ವಾಲೆ. ಮೆಕ್ಯಾನಿಕ್ ನಾಳಿದ್ದು ಬರುತ್ತಾರಂತೆ. ಅತ್ತೆಯವರಿಗೆ ತಣ್ಣೀರು ಆಗುವುದೇ ಇಲ್ಲ. ಕೆಳಮನೆಯವರು, "ನಾಬ್ ತಿರುಗಿಸಿ, ಗ್ಯಾಸ್ ಚೆನ್ನಾಗಿ ಬರಲು ಬಿಟ್ಟು ಆಮೇಲೆ ಕಡ್ಡಿ ಗೀರಿ" ಎನ್ನುತ್ತಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ವಿಜಯನಗರ ನಿವಾಸಿ:
ಕೆಳಗಿನ ಡಬ್ಬಿಯಲ್ಲಿ ಎರಡು ದಪ್ಪ ಸೆಲ್ ಇರುತ್ತವೆ, ಬದಲಿಸಿ ನೋಡಿ. ನಮ್ಮದು ಅದರಿಂದಲೇ ಸರಿಹೋಯಿತು.

ರಿಪೇರಿಯವರು (ರಾಜಾಜಿನಗರ):
ಮೇಡಂ, ಕೆಳಮನೆಯವರ ಮಾತನ್ನು ದಯವಿಟ್ಟು ಕೇಳಬೇಡಿ. ಗ್ಯಾಸ್ ತುಂಬಲು ಬಿಟ್ಟು ಕಡ್ಡಿ ಗೀರಿದರೆ ಉರಿ ಮುಖಕ್ಕೇ ಬರುತ್ತದೆ. ಹುಬ್ಬು, ರೆಪ್ಪೆ ಸುಟ್ಟುಕೊಂಡವರ ಮನೆಗಳಿಗೆ ನಾನು ಹೋಗಿದ್ದೇನೆ.

ವಿಜಯನಗರದವರು ಹೇಳಿದ ಸೆಲ್ಲಿನ ಗೀಸರ್ ಬೇರೆ ಬಗೆಯದು. ಈಗ ಬೆಂಗಳೂರಿನಲ್ಲಿ ಹೆಚ್ಚಾಗಿ ಸಿಗುವುದು ಅದೇ. ನಲ್ಲಿ ತಿರುಗಿಸಿದಾಗ ಮಾತ್ರ ಅದು ಕಿಡಿ ಹಾರಿಸಿ ಹೊತ್ತಿಕೊಳ್ಳುತ್ತದೆ, ಪೈಲಟ್ ಇರುವುದಿಲ್ಲ. ನೀವು ಹೇಳಿದ ಮೂರು ಗುರುತುಗಳನ್ನು ನೋಡಿದರೆ ನಿಮ್ಮದು ಹಳೆಯ ಪೈಲಟ್ ಗೀಸರೇ. ಚುಕ್ಕೆ ಎಂದರೆ ಬಂದ್, ನಕ್ಷತ್ರ ಎಂದರೆ ಪೈಲಟ್, ಜ್ವಾಲೆ ಎಂದರೆ ಚಾಲೂ.

ಪೈಲಟ್ ಜ್ವಾಲೆಯ ಪಕ್ಕದಲ್ಲೇ ಪೆನ್ಸಿಲಿಗಿಂತ ಸಪೂರವಾದ ಒಂದು ಕಡ್ಡಿ ಇರುತ್ತದೆ. ಅದೇ ಥರ್ಮೋಕಪಲ್. ಜ್ವಾಲೆಯ ಕಾವಿಗೆ ಅದರಲ್ಲಿ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ, ಅಷ್ಟೇ ಶಕ್ತಿ ಗ್ಯಾಸಿನ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಜ್ವಾಲೆ ಆರಿ ಕಡ್ಡಿ ತಣ್ಣಗಾದರೆ ವಾಲ್ವ್ ತಾನಾಗಿ ಮುಚ್ಚಿಕೊಳ್ಳಬೇಕು. ನಿನ್ನೆ ರಾತ್ರಿ ಹಾಗೆಯೇ ಮುಚ್ಚಿರಬೇಕು. ಆದರೆ ನಂಬಿ ಕೂರಬಾರದು, ಮೂಸಿಯೇ ನೋಡಬೇಕು.

ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಮಂಡಿಯೂರಿ, ಸಿಲಿಂಡರಿನ ಬುಡದಲ್ಲಿ, ನೀರು ಹೋಗುವ ಜಾಲರಿಯ ಬಳಿ ಮೂಸಿ. ವಾಸನೆ ಇದ್ದರೆ ಹಚ್ಚುವ ವಿಚಾರವನ್ನೇ ಬಿಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಲೈಟಿನ, ಫ್ಯಾನಿನ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎಲ್ಲರೂ ಕೆಳಗಿಳಿದು, ಹೊರಗೆ ನಿಂತು 1906ಕ್ಕೆ ಕರೆ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಂಖ್ಯೆ ಅದು.

ವಾಸನೆ ಇಲ್ಲವೆಂದಾದರೆ ನಾಬನ್ನು ಚುಕ್ಕೆಗೆ ತಂದು ಐದು ನಿಮಿಷ ಬಿಡಿ, ಹತ್ತಾದರೂ ನಷ್ಟವಿಲ್ಲ. ಈ ಕಾಯುವುದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಬಿಸಿನೀರಿನ ನಲ್ಲಿಗಳೆಲ್ಲ ಮುಚ್ಚಿರಲಿ. ಸೆರಗು, ಕೂದಲು ಹಿಂದಕ್ಕಿರಲಿ, ಮುಖ ಕಿಂಡಿಯಿಂದ ಪಕ್ಕಕ್ಕಿರಲಿ. ನಾಬನ್ನು ನಕ್ಷತ್ರಕ್ಕೆ ತಿರುಗಿಸಿ ಒಳಕ್ಕೆ ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಇನ್ನೊಂದು ಕೈಯಿಂದ ಕಿಡಿಯ ಗುಂಡಿಯನ್ನು ಟಕ್ ಟಕ್ ಎಂದು ಒತ್ತುತ್ತಿರಿ. ಕೆಲವೇ ಸೆಕೆಂಡಿನಲ್ಲಿ ಹೊತ್ತದಿದ್ದರೆ ಬಂದ್ ಮಾಡಿ, ಮತ್ತೆ ಐದು ನಿಮಿಷ ಕಾಯಿರಿ. ಹೊತ್ತಿಕೊಂಡರೂ ಕೈ ತೆಗೆಯಬೇಡಿ. ಕಡ್ಡಿ ಕಾಯಲು ಅರ್ಧದಿಂದ ಒಂದು ನಿಮಿಷ ಬೇಕು. ಆಮೇಲೆ ಮೆಲ್ಲಗೆ ಬಿಡಿ. ಜ್ವಾಲೆ ಆರದೆ ನಿಂತರೆ ನಾಬನ್ನು ದೊಡ್ಡ ಜ್ವಾಲೆಗೆ ತಿರುಗಿಸಿ, ಬಿಸಿನೀರಿನ ನಲ್ಲಿ ತೆರೆಯಿರಿ. ದೊಡ್ಡ ಉರಿ ತಕ್ಷಣ, ಸದ್ದಿಲ್ಲದೆ ಹೊತ್ತಬೇಕು. ತಡವಾಗಿ 'ಢಬ್' ಎಂದರೆ ಅಲ್ಲಿಗೇ ನಿಲ್ಲಿಸಿ.

ಮಲ್ಲಿಗೆಮನೆ:
ಬಹಳ ಉಪಕಾರವಾಯಿತು. ವಾಸನೆ ಇರಲಿಲ್ಲ. ಹೇಳಿದಂತೆಯೇ ಮಾಡಿದೆ. ಹೊತ್ತಿಕೊಳ್ಳುತ್ತದೆ, ಆದರೆ ಕೈಬಿಟ್ಟ ಕೂಡಲೇ ಆರುತ್ತದೆ. ಒಂದು ನಿಮಿಷ ಪೂರ್ತಿ ಹಿಡಿದಿದ್ದೆ. ಜ್ವಾಲೆ ಗಿಡ್ಡವಾಗಿದೆ, ತುದಿಯಲ್ಲಿ ಹಳದಿ, ಕಡ್ಡಿಯ ಕಡೆಗೆ ಬಾಗುವುದೇ ಇಲ್ಲ. ಗ್ಯಾಸ್ ಬರುವ ತೂತನ್ನು ಪಿನ್ನಿನಿಂದ ಚುಚ್ಚಲೇ? ಗಾಳಿಯ ಕಾಟಕ್ಕೆ ಯುಟಿಲಿಟಿಗೆ ಜಾರುವ ಗಾಜಿನ ಕಿಟಕಿ ಹಾಕಿಸೋಣ ಎಂದು ನಮ್ಮವರು ಅಳತೆಗೂ ಜನರನ್ನು ಕರೆದಿದ್ದಾರೆ.

ರಿಪೇರಿಯವರು:
ಪಿನ್ ಬೇಡ ಮೇಡಂ. ಆ ತೂತು ಕೂದಲೆಳೆಯಷ್ಟು. ಪಿನ್ನಿಗೆ ಅಗಲವಾದರೆ ಮುಂದೆ ಉರಿ ಹಿಡಿತಕ್ಕೇ ಬರುವುದಿಲ್ಲ. ನೀವು ನೋಡಿದ್ದನ್ನು ಸರಿಯಾಗಿಯೇ ಹೇಳಿದ್ದೀರಿ: ಜ್ವಾಲೆ ನೀಲಿಯಾಗಿ, ಚೂಪಾಗಿ ಕಡ್ಡಿಯ ತುದಿಯನ್ನು ಸುತ್ತಿಕೊಳ್ಳಬೇಕು. ನಿಮ್ಮದು ಅಲ್ಲಿಗೆ ತಲುಪುತ್ತಲೇ ಇಲ್ಲ, ಕಡ್ಡಿ ಕಾಯುವುದು ಹೇಗೆ? ಯುಟಿಲಿಟಿಯ ಗೀಸರುಗಳಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ, ಜೇಡ ಗಾಳಿ ಸೇರುವ ಕಿಂಡಿಯಲ್ಲಿ ಬಲೆ ಕಟ್ಟಿರುತ್ತದೆ. ಮೆಕ್ಯಾನಿಕ್ ಜೆಟ್, ಅಂದರೆ ಆ ತೂತಿರುವ ಸಣ್ಣ ಭಾಗವನ್ನು, ಬಿಚ್ಚಿ ಶುಚಿಮಾಡಲಿ. ಜ್ವಾಲೆ ಸರಿಯಾದ ಮೇಲೂ ನಿಲ್ಲದಿದ್ದರೆ ಥರ್ಮೋಕಪಲ್ ಬದಲಿಸಲಿ. ಅಲ್ಲಿಯವರೆಗೆ ನಾಬನ್ನು ತಂತಿಯಿಂದ ಬಿಗಿದು ಕಟ್ಟಿ ಇಡುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಟ್ಟಿಟ್ಟ ನಾಬುಗಳನ್ನು ನಾನು ಬಿಚ್ಚಿಸಿದ್ದೇನೆ. ಜ್ವಾಲೆ ಆರಿದರೂ ಗ್ಯಾಸ್ ಹರಿಯುತ್ತಲೇ ಇರುತ್ತದೆ. ಎರಡು ದಿನ ಅತ್ತೆಯವರಿಗೆ ಒಲೆಯ ಮೇಲೆ ನೀರು ಕಾಯಿಸಿ ಕೊಡಿ.

ಪೈಲಟ್ಟಿಗಿಂತ ನನಗೆ ಹೆಚ್ಚು ಚಿಂತೆಯಾಗಿರುವುದು ಆ ಗಾಜಿನದು. ದಯವಿಟ್ಟು ಹಾಕಿಸಬೇಡಿ. ಗಾಳಿಗೆ ಪೈಲಟ್ ಆರಿದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ, ಬಿಸಿನೀರು ತಪ್ಪುತ್ತದೆ, ಅಷ್ಟೇ. ಗಾಳಿಯನ್ನು ತಡೆದರೆ ಉರಿಗೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ಸ್ನಾನ ಮಾಡುತ್ತಿದ್ದವರು ಚಿಲಕ ತೆಗೆಯಲೂ ಆಗದೆ ಕುಸಿಯುತ್ತಾರೆ. ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಹಾಕಿಸಿಕೊಂಡ ಮನೆಗಳಲ್ಲಿ ಈ ಊರಿನಲ್ಲೇ ಎಷ್ಟೋ ಜೀವ ಹೋಗಿವೆ. ನಿಮ್ಮ ಮಾಲೀಕರು ಹೊರಗೆ ಹಾಕಿಸಿ ಒಳ್ಳೆಯ ಕೆಲಸ ಮಾಡಿದ್ದಾರೆ. ಗಾಜು ಹಾಕಿಸಿದರೆ ಆ ಹೊರಗೂ ಒಳಗೇ ಆಗಿಬಿಡುತ್ತದೆ. ಅಡುಗೆಮನೆಯ ಬಾಗಿಲು ಅಲ್ಲಿಗೇ ತೆರೆದುಕೊಳ್ಳುತ್ತದೆ ತಾನೇ?

ಗಾಳಿಗೆ ಬೇರೆ ದಾರಿ ಇದೆ. ಹೊಗೆ ಕೊಳವೆಯ ತುದಿಗೆ ಗಾಳಿ ತಡೆಯುವ ಟೊಪ್ಪಿ ಇದೆಯೇ ಎಂದು ಮೆಕ್ಯಾನಿಕ್ ನೋಡಲಿ. ಕೊಳವೆಯಲ್ಲಿ ಪಾರಿವಾಳ ಗೂಡು ಕಟ್ಟಿದೆಯೇ ಎಂದೂ ಟಾರ್ಚ್ ಬಿಟ್ಟು ನೋಡಲಿ.

ಎಚ್‌ಎಸ್‌ಆರ್ ಬಡಾವಣೆ:
ನಮ್ಮದು ಕೊಳವೆಯಲ್ಲಿ ಬರುವ ಪಿಎನ್‌ಜಿ. ನಾವೂ ನೆಲದಲ್ಲೇ ಮೂಸಬೇಕೇ ಸರ್?

ರಿಪೇರಿಯವರು:
ಇಲ್ಲ ಸರ್, ಪಿಎನ್‌ಜಿ ಹೆಚ್ಚುಕಡಿಮೆ ಮೀಥೇನ್, ಗಾಳಿಗಿಂತ ಹಗುರ, ಸೂರಿನ ಕಡೆಗೆ ಏರುತ್ತದೆ. ಇನ್ನೊಂದು ಮಾತು: ಸಿಲಿಂಡರಿನಿಂದ ಪಿಎನ್‌ಜಿಗೆ ಬದಲಾದಾಗ ಜೆಟ್ ಕೂಡ ಬದಲಿಸಬೇಕು. ಹಳೆಯ ಜೆಟ್ಟಿನಲ್ಲೇ ನಡೆಸುವಂತಿಲ್ಲ.

ಮಲ್ಲಿಗೆಮನೆ:
ಮೆಕ್ಯಾನಿಕ್ ಬಂದು ಹೋದರು. ಜೆಟ್ಟಿನ ಬಾಯಿಯಲ್ಲಿ ಮಣ್ಣೇ ಇತ್ತು, ಒಣಗಿ ಕಲ್ಲಾಗಿತ್ತು. ಥರ್ಮೋಕಪಲ್ ಸರಿಯಿದೆಯಂತೆ. ಈಗ ಜ್ವಾಲೆ ನೀಲಿಯಾಗಿದೆ, ಕೈಬಿಟ್ಟರೂ ನಿಲ್ಲುತ್ತಿದೆ. ಅಳತೆಗೆ ಬಂದವರಿಗೆ ಗಾಜು ಬೇಡವೆಂದು ಹೇಳಿ ಕಳುಹಿಸಿದ್ದೇವೆ. ಕೊಳವೆಯ ತುದಿಯಲ್ಲಿ ಟೊಪ್ಪಿ ಇರಲಿಲ್ಲ, ಶನಿವಾರ ತಂದು ಹಾಕುತ್ತಾರೆ.

ರಿಪೇರಿಯವರು:
ಸಂತೋಷ ಮೇಡಂ. ಜೆಟ್ ಬಿಚ್ಚಿದ್ದಾರೆಂದರೆ ಜೋಡಣೆಯನ್ನೂ ಬಿಚ್ಚಿದ್ದಾರೆ. ಗ್ಯಾಸ್ ಚಾಲೂ ಇರುವಾಗ ಅಲ್ಲಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಇವತ್ತೇ ನೋಡಿ. ಸಿಲಿಂಡರಿನ ರಬ್ಬರ್ ಕೊಳವೆಯ ಮೇಲೆ ಅಚ್ಚಾಗಿರುವ ವರ್ಷವನ್ನೂ ಓದಿ. ಐದು ವರ್ಷ ದಾಟಿದ್ದರೆ ಶನಿವಾರ ಬರುವಾಗ ಹೊಸದನ್ನು ತರಲು ಹೇಳಿ.